ನೆತ್ತಿಯಿಂದ ಅಂಗಾಲಿನವರೆಗೆ: 1525ರ ಒಂದು ಸ್ಕಾಟಿಷ್ ಶಾಪದ ಪ್ರಕರಣ

1525ರಲ್ಲಿ ಗ್ಲಾಸ್ಗೋದ ಆರ್ಚ್‌ಬಿಷಪ್ ಗ್ಯಾವಿನ್ ಡನ್‌ಬಾರ್ ಒಂದು ಶಾಪ ಹೊರಡಿಸಿದ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಗಡಿಯಲ್ಲಿ ದನ ಕದ್ದು, ಮನೆ ಸುಟ್ಟು, ಜನರನ್ನು ಕೊಂದು ಬದುಕುತ್ತಿದ್ದ ರೀವರ್‌ಗಳ ಮೇಲೆ. ಸಾವಿರಕ್ಕೂ ಜಾಸ್ತಿ ಪದಗಳಿರುವ ಈ ಶಾಪವನ್ನು ಗಡಿಯ ಚರ್ಚುಗಳಲ್ಲಿ ಪಾದ್ರಿಗಳು ಊರ ಜನರ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ಅದರ ಹೆಸರು 'ಮಾನಿಶನ್ ಆಫ್ ಕರ್ಸಿಂಗ್'. ಶಾಪದ ಎಚ್ಚರಿಕೆ ಅನ್ನಬಹುದು.

ಈಗ ಇದನ್ನು ಓದುವವರು ಸಾಮಾನ್ಯವಾಗಿ ತಮಾಷೆಗೆ ಓದುತ್ತಾರೆ. ಒಬ್ಬ ಧರ್ಮಗುರು ಇಷ್ಟೆಲ್ಲಾ ಬೈದನಾ ಅಂತ ನಗುತ್ತಾರೆ. ನನಗೆ ಇದು ಬೈಗುಳದ ಹಾಗೆ ಕಾಣುವುದಿಲ್ಲ. ಇದು ಕೋರ್ಟಿನ ಕಾಗದ. ಜೊತೆಗೆ, ಬೆಲೆ ಕಳೆದುಕೊಂಡ ಒಂದು ಶಿಕ್ಷೆಗೆ ಮತ್ತೆ ಬೆಲೆ ತರಲು ನಡೆಸಿದ ಪ್ರಯತ್ನ. ಅಷ್ಟು ಉದ್ದ ಆಗಿದ್ದೇ ಅದಕ್ಕೆ ಅನ್ನುವುದು ನನ್ನ ಅನಿಸಿಕೆ.

ಕರ್ಸಿಂಗ್ ಅಂದರೆ ಆಗ ಏನು

ಹಳೆಯ ಸ್ಕಾಟ್ಸ್ ಮಾತಿನಲ್ಲಿ 'ಕರ್ಸಿಂಗ್' ಅಂದರೆ ಬರೀ ಹಿಡಿಶಾಪ ಹಾಕುವುದಲ್ಲ. ಚರ್ಚು ಒಬ್ಬನನ್ನು ಹೊರಗೆ ಹಾಕಿ, ಅದನ್ನು ಎಲ್ಲರಿಗೂ ಕೇಳುವಂತೆ ಸಾರುವ ತೀರ್ಪಿಗೆ ಆ ಹೆಸರು. ಆ ತೀರ್ಪು ಬರೆದ ಪತ್ರಕ್ಕೆ 'ಲೆಟರ್ ಆಫ್ ಕರ್ಸಿಂಗ್' ಅನ್ನುತ್ತಿದ್ದರು. ತೀರ್ಪಿನ ನಂತರ ಮನುಷ್ಯ ಸಿಕ್ಕಿಕೊಳ್ಳುವ ಸ್ಥಿತಿಗೂ ಅದೇ ಹೆಸರು. ಒಬ್ಬ ಕರ್ಸಿಂಗ್‌ನ ಕೆಳಗೆ 'ಬಿದ್ದಿರುತ್ತಾನೆ'. ತಪ್ಪು ಒಪ್ಪಿಕೊಂಡು, ನಷ್ಟ ಕಟ್ಟಿಕೊಟ್ಟು, ಪ್ರಾಯಶ್ಚಿತ್ತ ಮಾಡಿಕೊಂಡರೆ ಅದರಿಂದ 'ಏಳುತ್ತಾನೆ'. ಹಾಗಾಗಿ ಇದು ಮಾಟಮಂತ್ರ ಅಲ್ಲ. ಬೀಳುವುದಕ್ಕೆ ಕಾರಣ ಇರುತ್ತಿತ್ತು, ಏಳುವುದಕ್ಕೆ ದಾರಿಯೂ ಇರುತ್ತಿತ್ತು.

ಇದಕ್ಕೆ ಸಮನಾಗಿ ರಾಜನ ಕಡೆಯಿಂದಲೂ ಒಂದು ಸಾರುವಿಕೆ ಇತ್ತು, 'ಹಾರ್ನಿಂಗ್'. ಸಾಲ ಕಟ್ಟದವನ ಮೇಲೆ ಅಥವಾ ಕೋರ್ಟಿನ ಮಾತು ಮೀರಿದವನ ಮೇಲೆ ರಾಜನ ಹೆಸರಿನಲ್ಲಿ ಪತ್ರ ಹೊರಡುತ್ತಿತ್ತು. ಅಧಿಕಾರಿ ಪೇಟೆಯ ನಡುವಿನ ಮಾರ್ಕೆಟ್ ಕ್ರಾಸ್ ಎಂಬ ಕಲ್ಲಿನ ಕಂಬದ ಹತ್ತಿರ ನಿಂತು, ಮೂರು ಸಲ ಕೂಗಿ ಜನರ ಗಮನ ಸೆಳೆದು, ಪತ್ರ ಓದಿ, ಮೂರು ಸಲ ಕೊಂಬು ಊದುತ್ತಿದ್ದ. ಅಷ್ಟಾದರೆ ಆ ಮನುಷ್ಯ ರಾಜದ್ರೋಹಿ, ಅವನ ಚರಾಸ್ತಿ ರಾಜನಿಗೆ. ಸಾಲಗಾರನನ್ನು ಜೈಲಿಗೆ ಹಾಕುವಾಗಲೂ ಲೆಕ್ಕಕ್ಕೆ ಅದು ಸಾಲಕ್ಕಾಗಿ ಅಲ್ಲ, ರಾಜನ ಆಜ್ಞೆ ಮೀರಿದ್ದಕ್ಕಾಗಿ! ಹಾರ್ನಿಂಗ್ ಪತ್ರ ಕಾನೂನಿನ ಪುಸ್ತಕದಿಂದ ಪೂರ್ತಿಯಾಗಿ ಹೋಗಿದ್ದು 1987ರ ಸಾಲಗಾರರ ಕಾಯ್ದೆಯಲ್ಲಿ.

ಹೀಗೆ ಒಂದು ಸಾರುವಿಕೆ ಚರ್ಚಿನ ಒಳಗೆ, ಇನ್ನೊಂದು ಪೇಟೆಯ ನಡುವೆ. ಗಡಿನಾಡಿನಲ್ಲಿ ಎರಡನೆಯದು ನಡೆಯುತ್ತಿರಲಿಲ್ಲ.

ಯಾಕೆ ನಡೆಯುತ್ತಿರಲಿಲ್ಲ

1513ರಲ್ಲಿ ಫ್ಲಾಡನ್ ಯುದ್ಧದಲ್ಲಿ 4ನೇ ಜೇಮ್ಸ್ ಸತ್ತ. ಅವನ ಜೊತೆ ಸ್ಕಾಟ್ಲೆಂಡಿನ ಎಷ್ಟೋ ದೊಡ್ಡ ಕುಳಗಳು ಸತ್ತರು. ಮಗ 5ನೇ ಜೇಮ್ಸ್ ಆಗ ಇನ್ನೂ ಕೂಸು. 1525ಕ್ಕೆ ಅವನಿಗೆ 13 ವರ್ಷ. ಆಡಳಿತ ಪ್ರಭುಗಳ ಕೈಯಲ್ಲಿ, ಅವರು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದರು. ರಾಜಧಾನಿ ಎಡಿನ್‌ಬರೋದಲ್ಲೇ ಗಲಾಟೆ ಇರುವಾಗ ಗಡಿಯ ಲಿಡ್ಸ್‌ಡೇಲ್ ಕಣಿವೆಯನ್ನು ಕೇಳುವವರು ಯಾರು?

ಗಡಿಯ ಬದುಕೇ ಬೇರೆ. ಎರಡು ರಾಜ್ಯಗಳ ಸೈನ್ಯ ಪದೇಪದೇ ತುಳಿದುಹೋಗುವ ನೆಲದಲ್ಲಿ ಬೆಳೆ ಬೆಳೆದು ಏನು ಮಾಡುವುದು, ಕೊಯ್ಲಿಗೆ ಮೊದಲೇ ಯಾರೋ ಸುಡುತ್ತಾರೆ. ಅದಕ್ಕೇ ದನ, ಕುದುರೆ. ಅವನ್ನು ಓಡಿಸಿಕೊಂಡು ಹೋಗಬಹುದು. ಬೇರೆಯವರದನ್ನೂ ಓಡಿಸಿಕೊಂಡು ಬರಬಹುದು. ಆರ್ಮ್‌ಸ್ಟ್ರಾಂಗ್, ಎಲಿಯಟ್, ನಿಕ್ಸನ್, ಗ್ರಹಾಂ, ಕೆರ್, ಮ್ಯಾಕ್ಸ್‌ವೆಲ್ ಇಂಥ ಮನೆತನಗಳ ಗಂಡಸರು ರಾತ್ರಿ ಉದ್ದವಾಗುವ ಚಳಿಗಾಲದಲ್ಲಿ ಗುಂಪು ಕಟ್ಟಿಕೊಂಡು ಹೊರಡುತ್ತಿದ್ದರು. ನಿಷ್ಠೆ ಮನೆತನಕ್ಕೆ, ರಾಜನಿಗಲ್ಲ. ಗಡಿಯ ಆಚೆಯೂ ನೆಂಟರು, ಈಚೆಯೂ ನೆಂಟರು. ಲಿಡ್ಸ್‌ಡೇಲ್‌ಗೆ ಬಂದ ಯಾರೋ 'ಇಲ್ಲಿ ಕ್ರೈಸ್ತರು ಯಾರೂ ಇಲ್ವಾ?' ಅಂತ ಕೇಳಿದರಂತೆ. 'ಇಲ್ಲ, ನಾವೆಲ್ಲಾ ಎಲಿಯಟ್ಟು, ಆರ್ಮ್‌ಸ್ಟ್ರಾಂಗು' ಅಂತ ಉತ್ತರ ಬಂತಂತೆ. ಕಟ್ಟುಕತೆ ಇರಬಹುದು. ಆದರೆ ಹೇಳಬೇಕಾದ್ದನ್ನು ಹೇಳುತ್ತದೆ.

ಡನ್‌ಬಾರ್ ಸಣ್ಣ ಆಸಾಮಿಯಲ್ಲ. ಎಳೆಯ ರಾಜನಿಗೆ ಪಾಠ ಹೇಳಿಕೊಟ್ಟವನು. ಮುಂದೆ 1528ರಲ್ಲಿ ರಾಜ್ಯದ ಚಾನ್ಸಲರ್ ಆದ. ತನ್ನ ಪತ್ರದ ಶುರುವಿನಲ್ಲೇ ಅವನು ಪರಿಸ್ಥಿತಿಯನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಟೆವಿಯಟ್‌ಡೇಲ್, ಎಸ್ಕ್‌ಡೇಲ್, ಲಿಡ್ಸ್‌ಡೇಲ್, ಯೂಸ್‌ಡೇಲ್, ನಿಥ್ಸ್‌ಡೇಲ್, ಆನನ್‌ಡೇಲ್ ಕಡೆಯ ಈ ಜನರನ್ನು ರಾಜನ ಕತ್ತಿ ಬೇರೆ ಬೇರೆ ರೀತಿಯಲ್ಲಿ ಬೆನ್ನಟ್ಟಿದೆ, ಶಿಕ್ಷಿಸಿದೆ, ಅವರು ಅದಕ್ಕೆ ಹೆದರುತ್ತಿಲ್ಲ. ಆದ್ದರಿಂದ ಈಗ ಚರ್ಚಿನ ಕತ್ತಿ. ಸರ್ಕಾರದ ಕೈಲಿ ಆಗಲಿಲ್ಲ ಅನ್ನುವ ಒಪ್ಪಿಗೆ ಶಾಪದ ಪೀಠಿಕೆಯಲ್ಲೇ ಇದೆ.

ಶಾಪದ ಒಳಗೆ

ಮೊದಲು ಮೈ. ಅವರ ತಲೆಗೆ ಶಾಪ, ತಲೆಯ ಎಲ್ಲ ಕೂದಲಿಗೆ ಶಾಪ. ಮುಖ, ಕಣ್ಣು, ಬಾಯಿ, ಮೂಗು, ನಾಲಿಗೆ, ಹಲ್ಲು, ಕತ್ತು, ಭುಜ, ಎದೆ, ಗುಂಡಿಗೆ, ಜಠರ, ಬೆನ್ನು, ಹೊಟ್ಟೆ, ತೋಳು, ಕಾಲು, ಕೈ, ಪಾದ. ನೆತ್ತಿಯಿಂದ ಅಂಗಾಲಿನವರೆಗೆ, ಹಿಂದೆ ಮುಂದೆ, ಒಳಗೆ ಹೊರಗೆ. ಆಮೇಲೆ ದಿನಚರಿ. ನಡೆಯುವಾಗ ಶಾಪ, ಕುದುರೆ ಮೇಲೆ ಹೋಗುವಾಗ ಶಾಪ, ನಿಂತಾಗ, ಕೂತಾಗ, ತಿನ್ನುವಾಗ, ಕುಡಿಯುವಾಗ, ಎಚ್ಚರ ಇದ್ದಾಗ, ಮಲಗಿದ್ದಾಗ, ಮನೆಯಲ್ಲಿದ್ದಾಗ, ಮನೆಯಿಂದ ಹೊರಗಿದ್ದಾಗ.

ಓದುವ ಪಾದ್ರಿಯನ್ನು ಒಂದು ಕ್ಷಣ ನೆನೆಸಿಕೊಳ್ಳಿ. ಅವನ ಮುಂದೆ ಕೂತವರಲ್ಲಿ ರೀವರ್‌ಗಳ ಅತ್ತೆಯರು, ಅಣ್ಣತಮ್ಮಂದಿರು ಇದ್ದಾರೆ. ರೀವರ್‌ಗಳೇ ಇರಬಹುದು. ಅವನು ಅವರ ಹೆಂಡತಿಯರನ್ನು, ಮಕ್ಕಳನ್ನು, ಆಳುಗಳನ್ನೂ ಸೇರಿಸಿ ಶಪಿಸಬೇಕು. ಆಮೇಲೆ ಧಾನ್ಯ, ದನ, ಉಣ್ಣೆ, ಕುರಿ, ಕುದುರೆ, ಹಂದಿ, ಹೆಬ್ಬಾತು, ಕೋಳಿ. ಆಮೇಲೆ ಪಡಸಾಲೆ, ಕೋಣೆ, ಅಡುಗೆಮನೆ, ಲಾಯ, ಕಣಜ, ಕೊಟ್ಟಿಗೆ, ಕಣ, ಹಿತ್ತಲ ಕೋಸಿನ ಮಡಿ, ನೇಗಿಲು, ಕುಂಟೆ. ಈ ಭಾಗ ಓದುತ್ತಿದ್ದರೆ ಅಮೀನರು ಬಂದು ಮಾಡುವ ಜಪ್ತಿ ಪಟ್ಟಿ ನೆನಪಾಗುತ್ತದೆ. ಒಂದು ವಸ್ತುವೂ ಬಿಟ್ಟುಹೋಗಬಾರದು ಅನ್ನುವ ಅದೇ ಹಟ.

ಮುಂದೆ ಬೈಬಲ್ಲಿನ ಕೇಡುಗಳೆಲ್ಲಾ ಸಾಲಾಗಿ ಬರುತ್ತವೆ. ಸ್ವರ್ಗದಿಂದ ಬಿದ್ದ ಲೂಸಿಫರ್, ತಮ್ಮನನ್ನು ಕೊಂದ ಕೇನ್, ನೋಹನ ಕಾಲದ ಪ್ರಳಯ, ಸೊದೋಮ್ ಮತ್ತು ಗೊಮೋರದ ಬೆಂಕಿ, ಬಾಬೆಲ್ ಗೋಪುರ, ಯೂದಾಸ್, ಪಿಲಾತ, ಹೆರೋದ್. ಇವೆಲ್ಲ ಅಂಥ ಪತ್ರಗಳಲ್ಲಿ ಬರುವಂಥವೇ. ಆದರೆ ಫೇರೋ ರಾಜ ಕೆಂಪು ಸಮುದ್ರದಲ್ಲಿ ಮುಳುಗಿದ ಕತೆ ಬಂದಾಗ ಬರೆದವನು ಸ್ಥಳೀಯನಾಗುತ್ತಾನೆ. ಫೇರೋನನ್ನು ಆ ಸಮುದ್ರ ಮುಳುಗಿಸಿದ ಹಾಗೆ ಇವರನ್ನು ಟ್ವೀಡ್ ನದಿ ಮುಳುಗಿಸಲಿ, ಇವರು ಕುದುರೆ ಮೇಲೆ ದಾಟುವ ಬೇರೆ ಹೊಳೆಗಳೂ ಮುಳುಗಿಸಲಿ! ಕದ್ದ ದನ ಹೊಡೆದುಕೊಂಡು ರಾತ್ರಿ ಹೊಳೆ ದಾಟುವವನಿಗೆ ಕೆಂಪು ಸಮುದ್ರಕ್ಕಿಂತ ಟ್ವೀಡ್ ಹತ್ತಿರದ ಭಯ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ ಇದಾದ ಮೇಲೆ ಬರುತ್ತದೆ. ಜನ ಅದನ್ನು ಉದ್ಧರಿಸುವುದು ಕಡಿಮೆ, ಯಾಕೆಂದರೆ ಅಲ್ಲಿ ರಂಗಿಲ್ಲ. ಯಾವ ಕ್ರೈಸ್ತನೂ ಇವರ ಜೊತೆ ಸೇರಬಾರದು. ತಿನ್ನಬಾರದು, ಕುಡಿಯಬಾರದು, ಮಾತಾಡಬಾರದು, ಪ್ರಾರ್ಥಿಸಬಾರದು. ಸೇರಿದರೆ ಘೋರ ಪಾಪ. ಜೊತೆಗೆ, ಇವರಿಗೆ ಯಾರು ಏನೇ ಮಾತು ಕೊಟ್ಟಿದ್ದರೂ, ಒಪ್ಪಂದ, ಆಣೆ, ನಿಷ್ಠೆಯ ಕರಾರು ಏನೇ ಇದ್ದರೂ, ಶಾಪ ಇರುವಷ್ಟು ಕಾಲ ರದ್ದು. ಇವರಿಗೆ ಯಾರೂ ಬದ್ಧರಲ್ಲ, ಆದರೆ ಇವರು ಎಲ್ಲರಿಗೂ ಬದ್ಧರು.

ಶಾಪದ ಹಲ್ಲು ಇರುವುದು ಇಲ್ಲಿ. ಗಡಿನಾಡು ನಿಂತಿದ್ದೇ ಆಳು-ಒಡೆಯರ ನಡುವಿನ ಇಂಥ ನಿಷ್ಠೆಯ ಕರಾರುಗಳ ಮೇಲೆ. ನಿನ್ನ ಜಗಳಕ್ಕೆ ನಾನು ಕುದುರೆ ಹತ್ತುತ್ತೇನೆ, ನನ್ನ ಕಷ್ಟಕ್ಕೆ ನೀನು ನಿಲ್ಲಬೇಕು. ಆ ಗಂಟನ್ನೇ ಕತ್ತರಿಸುತ್ತೇನೆ ಅಂತ ಡನ್‌ಬಾರ್ ಹೇಳಿದ. ಕೂದಲು, ಹಲ್ಲು, ಕೋಳಿ ಎಲ್ಲ ಕಿವಿಗೆ. ಈ ಎರಡು ವಾಕ್ಯ ಜೇಬಿಗೆ ಮತ್ತು ಕತ್ತಿಗೆ.

ಕೊನೆಗೆ ಮೇಣದ ಬತ್ತಿ ಆರಿಸುವುದು. ಈ ದೀಪಗಳು ನಿಮ್ಮ ಕಣ್ಣಿಂದ ಮರೆಯಾಗುವ ಹಾಗೆ ಅವರ ಆತ್ಮ ದೇವರ ಮುಖದಿಂದ ಮರೆಯಾಗಲಿ, ಅವರ ಒಳ್ಳೆಯ ಹೆಸರು ಲೋಕದಿಂದ ಮರೆಯಾಗಲಿ. ಆತ್ಮದ ಜೊತೆಗೇ ಹೆಸರನ್ನೂ ಸೇರಿಸಿದ್ದಾನೆ ನೋಡಿ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವುದೂ ಶಿಕ್ಷೆಯೇ ಅಲ್ವಾ.

ಕೊಂಬಿನ ಚಮಚಕ್ಕೂ ಅದೇ ಶಾಪ

ಇಷ್ಟು ಭಯಂಕರ ಶಿಕ್ಷೆ ಆದರೆ ಗಡಿಯವರು ನಡುಗಬೇಕಿತ್ತು. ನಡುಗಲಿಲ್ಲ. ಅದಕ್ಕೆ ಅವರ ಒರಟುತನ ಮಾತ್ರ ಕಾರಣ ಅಂದರೆ ಅರ್ಧ ಸತ್ಯ. ಇನ್ನರ್ಧ ಚರ್ಚೇ ಮಾಡಿಕೊಂಡದ್ದು.

ಆಗಿನ ಸ್ಕಾಟ್ಲೆಂಡಿನಲ್ಲಿ ಸಾಲ ವಸೂಲಿಗೂ ಕರ್ಸಿಂಗ್ ಪತ್ರ ಸಿಗುತ್ತಿತ್ತು. ಚರ್ಚಿನ ತೆರಿಗೆ ಕೊಡದಿದ್ದರೆ ಕರ್ಸಿಂಗ್. ಕೊಟ್ಟ ಮಾತಿನಂತೆ ದುಡ್ಡು ಹಿಂದಿರುಗಿಸದಿದ್ದರೆ ಕರ್ಸಿಂಗ್. ಪ್ರಾಟೆಸ್ಟಂಟ್ ಸುಧಾರಕ ಜಾನ್ ನಾಕ್ಸ್ ತಾನು ಬರೆದ ಚರಿತ್ರೆಯಲ್ಲಿ ವಿಲಿಯಂ ಏರ್ಥ್ ಎಂಬ ಸನ್ಯಾಸಿಯ ಪ್ರವಚನವೊಂದನ್ನು ದಾಖಲಿಸಿದ್ದಾನೆ. ಡಂಡಿಯಲ್ಲಿ, ಆಮೇಲೆ ಸೇಂಟ್ ಆಂಡ್ರೂಸ್‌ನಲ್ಲಿ ಕೊಟ್ಟ ಪ್ರವಚನ. ಡನ್‌ಬಾರ್‌ನ ಶಾಪದ ನಂತರ ಕೆಲವೇ ವರ್ಷಗಳಲ್ಲಿ ನಡೆದದ್ದು. ಅದರಲ್ಲಿ ಏರ್ಥ್ ಪಾದ್ರಿಗಳನ್ನು ಅಣಕಿಸುತ್ತಾನೆ. ಜನರಿಗಾಗಿ ಪ್ರಾರ್ಥಿಸಬೇಕಾದ ಪಾದ್ರಿ ಭಾನುವಾರ ಎದ್ದು ನಿಂತು ಕೂಗುವುದೇನು? ಒಬ್ಬರ ಗಂಜಿ ತಿರುವುವ ಕೋಲು ಕಳೆದಿದೆ. ಹೊಳೆಯಾಚೆಯವರ ಧಾನ್ಯ ಬಡಿಯುವ ಕೋಲು ಕಳುವಾಗಿದೆ. ದಾರಿಯ ಆ ಕಡೆ ಮನೆಯಾಕೆಯ ಕೊಂಬಿನ ಚಮಚ ಕಾಣೆಯಾಗಿದೆ. ಗೊತ್ತಿದ್ದೂ ಹಿಂದಿರುಗಿಸದವರಿಗೆ ದೇವರ ಶಾಪ, ನನ್ನ ಶಾಪ!

ಕರ್ಸಿಂಗ್ ಸರಿಯಾಗಿ ಬಳಸಿದರೆ ಭೂಮಿಯ ಮೇಲೆ ಅದಕ್ಕಿಂತ ಭಯದ ಸಂಗತಿ ಇಲ್ಲ, ಅದು ಮನುಷ್ಯನನ್ನು ದೇವರಿಂದಲೇ ಬೇರೆ ಮಾಡುವುದು ಅಂತಲೂ ಏರ್ಥ್ ಹೇಳುತ್ತಾನೆ. ಆದ್ದರಿಂದ ಬಹಿರಂಗವಾಗಿ ಪಾಪ ಮಾಡುವ, ತಿದ್ದಿಕೊಳ್ಳದವರ ಮೇಲೆ ಮಾತ್ರ ಬಳಸಬೇಕು. ಜನ ಇದನ್ನು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಅವನೇ ಒಂದು ಹೆಂಡದಂಗಡಿಯ ಮಾತುಕತೆ ಕೊಡುತ್ತಾನೆ. ಒಂದು ಪ್ಲ್ಯಾಕ್ ಅಂದರೆ ಪುಡಿಕಾಸು ಬಿಸಾಕಿದರೆ ವರ್ಷ ಪೂರ್ತಿ ಬಾಳುವ ಶಾಪದ ಪತ್ರ ಸಿಗುತ್ತದೆ, ನಮ್ಮ ಬೇಲಿ ಇಣುಕುವವರಿಗೆಲ್ಲಾ ತಾಗುತ್ತದೆ, ನಿದ್ದೆ ಹೊಡೆಯುವ ಕಾವಲು ಹುಡುಗನಿಗಿಂತ ಚೆನ್ನಾಗಿ ಹೊಲ ಕಾಯುತ್ತದೆ ಅಂತ.

ನಾಕ್ಸ್ ಕ್ಯಾಥೋಲಿಕ್ ಚರ್ಚಿನ ಕಡು ವಿರೋಧಿ. ಅವನು ಇದನ್ನು ಖುಷಿಯಿಂದ ಉಪ್ಪು ಖಾರ ಹಾಕಿ ಬರೆದಿರುತ್ತಾನೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಸಾಲಕ್ಕೆ ಶಾಪ ಹಾಕುವ ಪದ್ಧತಿ ಅವನ ಕಲ್ಪನೆಯಲ್ಲ. ಈಗ 1525ರ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಚಮಚ ಕದ್ದವನಿಗೆ ಹಾಕುವ ಶಿಕ್ಷೆಯನ್ನೇ ಕೊಲೆಗಾರನಿಗೂ ಹಾಕಬೇಕು. ವ್ಯತ್ಯಾಸ ತೋರಿಸುವುದು ಹೇಗೆ? ದನಿ ಏರಿಸಿ, ಉದ್ದ ಮಾಡಿ, ಕೂದಲು ಕೂದಲಾಗಿ ಹೆಸರಿಸಿ. ಡನ್‌ಬಾರ್‌ಗೆ ಬೇರೆ ದಾರಿ ಇರಲಿಲ್ಲ.

ಏನಾಯಿತು

ಗಡಿಯ ಕಳ್ಳರಿಗೆ ಚರ್ಚಿನ ಶಾಪ ಹೊಸದೂ ಆಗಿರಲಿಲ್ಲ. ಇಂಗ್ಲೆಂಡಿನ ಕಡೆ ಡರ್ಹಂ ಬಿಷಪ್ ರಿಚರ್ಡ್ ಫಾಕ್ಸ್ 1498ರಲ್ಲೇ ಟೈನ್‌ಡೇಲ್ ಮತ್ತು ರೀಡ್ಸ್‌ಡೇಲ್ ಕಳ್ಳರ ಮೇಲೆ ಇಂಥದ್ದೇ ಆಜ್ಞೆ ಹೊರಡಿಸಿದ್ದ. ಡನ್‌ಬಾರ್‌ನ ಶಾಪದ ಹೊತ್ತಿಗೆ ಇಂಗ್ಲೆಂಡ್ ರಾಜನ ಬಲಗೈಯಂತಿದ್ದ ಕಾರ್ಡಿನಲ್ ವುಲ್ಸಿ ಟೈನ್‌ಡೇಲಿನ ಚರ್ಚುಗಳಲ್ಲಿ ಪೂಜೆಯನ್ನೇ ನಿಲ್ಲಿಸಿದ್ದ. ಅಲ್ಲಿನವರು ಏನು ಮಾಡಿದರು ಗೊತ್ತಾ? ಗಡಿಯಾಚೆಯಿಂದ ಒಬ್ಬ ಸ್ಕಾಟಿಷ್ ಸನ್ಯಾಸಿಯನ್ನು ಕರೆಸಿ ಪ್ರಸಾದ ಕೊಡಿಸಿಕೊಂಡರು. ಹೆಕ್ಟರ್ ಚಾರ್ಲ್ಟನ್ ಎಂಬ ಹೆಸರಾಂತ ಕಳ್ಳ ಪಾದ್ರಿಗೆ ಸಲ್ಲಬೇಕಾದ ಕಾಣಿಕೆಯನ್ನು ತಾನೇ ಇಸಕೊಂಡ, ಎಲ್ಲರಿಗೂ ವೈನ್ ಬಡಿಸಿದ. ಈ ವಿಷಯ ವುಲ್ಸಿಗೆ ಪತ್ರದಲ್ಲಿ ಹೋಯಿತು. ಓದಿದ ಕಾರ್ಡಿನಲ್ ಮುಖ ನೋಡಬೇಕಿತ್ತು.

ಈ ಘಟನೆಯನ್ನು ದೇವರ ಭಯ ಇಲ್ಲದ್ದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ತಿರುವುಮುರುವು. ಪ್ರಸಾದ ಬೇಡ ಅಂತ ಅವರು ಅನ್ನಲಿಲ್ಲ. ಅದು ಬೇಕೇ ಬೇಕಿತ್ತು, ಅದಕ್ಕೇ ಗಡಿಯಾಚೆಯಿಂದ ಸನ್ಯಾಸಿಯನ್ನು ತಂದರು. ದೇವರು ಬೇಕು, ಬಿಷಪ್ಪನ ಹಂಗು ಬೇಡ. ಗಡಿ ದಾಟಿದರೆ ಬೇರೆ ಬಿಷಪ್, ಬೇರೆ ರಾಜ. ಬಹಿಷ್ಕಾರ ನಡೆಯುವುದು ಸುತ್ತಲಿನವರು ಕೈಜೋಡಿಸಿದರೆ ಮಾತ್ರ. ಇಡೀ ಕಣಿವೆಯೇ ಶಾಪದ ಒಳಗಿದ್ದರೆ ಯಾರು ಯಾರನ್ನು ಹೊರಗೆ ಹಾಕುತ್ತಾರೆ?

ಸುಲಿಗೆ ಇನ್ನೂ ಸುಮಾರು 80 ವರ್ಷ ನಡೆಯಿತು. 1530ರಲ್ಲಿ ಬೆಳೆದುನಿಂತ 5ನೇ ಜೇಮ್ಸ್ ತಾನೇ ಗಡಿಗೆ ಬಂದು ರೀವರ್ ನಾಯಕ ಜಾನಿ ಆರ್ಮ್‌ಸ್ಟ್ರಾಂಗ್‌ನನ್ನೂ ಅವನ ಕಡೆಯವರನ್ನೂ ಕಾರ್ಲೆನ್‌ರಿಗ್‌ನಲ್ಲಿ ನೇಣಿಗೆ ಹಾಕಿಸಿದ. 1596ರಲ್ಲಿ ಸ್ಕಾಟಿಷ್ ಪ್ರಭು ಬಕ್ಲೂ ಕಡೆಯವರು ಇಂಗ್ಲೆಂಡಿನ ಕಾರ್ಲೈಲ್ ಕೋಟೆಗೇ ನುಗ್ಗಿ, ಅಲ್ಲಿ ಸೆರೆಯಲ್ಲಿದ್ದ ಕಿನ್‌ಮಾಂಟ್ ವಿಲ್ಲಿ ಎಂಬ ಇನ್ನೊಬ್ಬ ಆರ್ಮ್‌ಸ್ಟ್ರಾಂಗ್‌ನನ್ನು ಬಿಡಿಸಿಕೊಂಡು ಹೋದರು. ಗಡಿ ತಣ್ಣಗಾಗಿದ್ದು 1603ರಲ್ಲಿ ಎರಡೂ ರಾಜ್ಯಕ್ಕೆ ಒಬ್ಬನೇ ರಾಜ ಬಂದ ಮೇಲೆ. ಓಡಿಹೋಗಲು ಆಚೆ ಕಡೆ ಅನ್ನುವುದೇ ಉಳಿಯಲಿಲ್ಲ. ನೇಣು, ಗಡಿಪಾರು ಎಲ್ಲ ಸಲೀಸಾಯಿತು. ಗ್ರಹಾಂ ಮನೆತನದವರನ್ನು ಐರ್ಲೆಂಡಿಗೆ ಸಾಗಿಸಿದರು. ಅಷ್ಟರಲ್ಲಿ, 1560ರಲ್ಲೇ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪ್‌ನ ಅಧಿಕಾರವನ್ನು ತೆಗೆದುಹಾಕಿತ್ತು. ಹಳೆಯ ಕರ್ಸಿಂಗ್ ಪತ್ರಗಳ ಕಾಲ ಅಲ್ಲಿಗೆ ಮುಗಿಯಿತು.

2001ರ ಕಲ್ಲು

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಂಗ್ಲೆಂಡಿನ ಕಡೆಯ ಗಡಿನಗರ ಕಾರ್ಲೈಲ್ ಹೊಸ ಸಹಸ್ರಮಾನದ ನೆನಪಿಗೆ ಒಂದು ಕಲಾಕೃತಿ ಮಾಡಿಸಿತು. ರೀವರ್ ವಂಶಕ್ಕೇ ಸೇರಿದ ಕಲಾವಿದ ಗಾರ್ಡನ್ ಯಂಗ್ ಸುಮಾರು 14 ಟನ್ ತೂಕದ ಗ್ರಾನೈಟ್ ಬಂಡೆ ಹೊಳಪಾಗಿಸಿ, ಅದರ ಸುತ್ತ ಡನ್‌ಬಾರ್‌ನ ಶಾಪದ ಒಂದು ಭಾಗ ಕೆತ್ತಿಸಿದರು. ಟುಲ್ಲಿ ಹೌಸ್ ಮ್ಯೂಸಿಯಂ ಮತ್ತು ಕೋಟೆ ನಡುವಿನ ಸುರಂಗದಾರಿಯಲ್ಲಿ ಅದನ್ನು ಇಟ್ಟರು.

2001ರಲ್ಲೇ ಬ್ರಿಟನ್ನಿನಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂತು. ಕಾರ್ಲೈಲ್ ಇರುವ ಕಂಬ್ರಿಯಾಕ್ಕೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು. 2004ರಲ್ಲಿ ಕಾರ್ಲೈಲ್ ಯುನೈಟೆಡ್ ತಂಡ ಫುಟ್‌ಬಾಲ್ ಲೀಗಿನಿಂದಲೇ ಕೆಳಗೆ ಬಿತ್ತು. 2005ರ ಜನವರಿಯಲ್ಲಿ ನದಿಗಳು ಉಕ್ಕಿ ನಗರ ಮುಳುಗಿತು, ಮೂವರು ಸತ್ತರು. ಜನ ಕಲ್ಲಿನ ಕಡೆ ಬೆರಳು ತೋರಿಸಿದರು. ಕ್ರೈಸ್ತ ಗುಂಪುಗಳು ಮೊದಲಿಂದಲೂ ವಿರೋಧಿಸಿದ್ದವು. ಕಲ್ಲನ್ನು ಊರಾಚೆ ಸಾಗಿಸಬೇಕು ಇಲ್ಲವೇ ಒಡೆಯಬೇಕು ಅಂತ ನಗರಸಭೆಯ ಸದಸ್ಯರೊಬ್ಬರು 2005ರಲ್ಲಿ ಠರಾವು ಮಂಡಿಸಿದರು. ಅದು ಬಿದ್ದುಹೋಯಿತು. ತನ್ನ ಕಲ್ಲಿನಿಂದ ತಂಡ ಒಂದೇ ಒಂದು ಪಂದ್ಯ ಸೋತಿದೆ ಅನಿಸಿದ್ದರೂ ತಾನೇ ಅದನ್ನು ಒಡೆಯುತ್ತಿದ್ದೆ ಅನ್ನುವ ಧಾಟಿಯಲ್ಲಿ ಕಲಾವಿದರು ಉತ್ತರಿಸಿದ್ದರು. ಅದೇ 2005ರ ಮೇ ತಿಂಗಳಲ್ಲಿ ತಂಡ ಲೀಗಿಗೆ ವಾಪಸ್ ಬಂತು, ಕಲ್ಲು ಇದ್ದಲ್ಲೇ ಇರುವಾಗ.

ಠರಾವು ತಂದವರನ್ನು ನೋಡಿ ನಗುವುದು ಸುಲಭ. ಮನೆ ಮುಳುಗಿದವರ ಊರಲ್ಲಿ, ಮನೆ, ಕೊಟ್ಟಿಗೆ, ದನಕರು ಎಲ್ಲ ಹಾಳಾಗಲಿ ಅಂತ ಕೆತ್ತಿದ ಕಲ್ಲು ಇದ್ದರೆ ಕಸಿವಿಸಿ ಆಗುವುದು ಸಹಜ. ಆದರೆ ಪತ್ರವನ್ನು ಪತ್ರದ ಹಾಗೆ ಓದಿದರೆ ವಾದ ನಿಲ್ಲುವುದಿಲ್ಲ. ಆ ಶಾಪ ಹಾಕಿದ್ದು ಗ್ಲಾಸ್ಗೋ ಆರ್ಚ್‌ಬಿಷಪ್, ಸ್ಕಾಟ್ಲೆಂಡಿನ ಕಣಿವೆಗಳ ಜನರ ಮೇಲೆ. ಇಂಗ್ಲೆಂಡಿನ ಕಾರ್ಲೈಲ್ ಅವನ ವ್ಯಾಪ್ತಿಯಲ್ಲೇ ಇರಲಿಲ್ಲ. ಆ ನಗರ ಸುಲಿಗೆ ಅನುಭವಿಸಿದ ಕಡೆಯದು. ಶಾಪವನ್ನು ಈಗಿನ ಚರ್ಚು ವಾಪಸ್ ತೆಗೆದುಕೊಳ್ಳಬೇಕು ಅನ್ನುವ ಬೇಡಿಕೆಯೂ ಆಗಾಗ ಏಳುತ್ತದೆ. ಅದಕ್ಕೆ ಉತ್ತರ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಈ ಬಹಿರಂಗ ಪಾಪಗಳನ್ನು ಬಿಟ್ಟು, ಶಾಪದಿಂದ ಎದ್ದು, ನಷ್ಟ ಕಟ್ಟಿಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ಮಾತ್ರ ಅದರ ಅವಧಿ. ದನ ಕದ್ದವರ ಜೊತೆಗೇ ಮುಗಿದ ತೀರ್ಪು. ವಾಪಸ್ ತೆಗೆದುಕೊಳ್ಳಲು ಅಲ್ಲಿ ಏನೂ ಉಳಿದಿಲ್ಲ.